ಚೀನೀ ಸಮರಕಲೆಗಳ ಅಂಗಸಾಧನೆ: ಪದೇ ಪದೇ ಕೇಳುವ ಪ್ರಶ್ನೆಗಳು

ಅಭ್ಯಾಸದ ಅಂಗಳದಲ್ಲಿ, ಪತ್ರಗಳಲ್ಲಿ, ಫೋನಿನಲ್ಲಿ ಮತ್ತೆ ಮತ್ತೆ ಎದುರಾಗುವ ಪ್ರಶ್ನೆಗಳನ್ನು ಇಲ್ಲಿ ಒಟ್ಟುಗೂಡಿಸಿದ್ದೇನೆ. ಕೇಳಿದವರ ಮಾತನ್ನು ಆದಷ್ಟು ಹಾಗೆಯೇ ಉಳಿಸಿಕೊಂಡಿದ್ದೇನೆ. ಹೊಸಬರ ಪ್ರಶ್ನೆಗಳು ಮೊದಲು, ವರ್ಷಗಟ್ಟಲೆ ಅಭ್ಯಾಸ ಮಾಡಿದವರ ಪ್ರಶ್ನೆಗಳು ಕೊನೆಗೆ. ಪಟ್ಟುಗಳ ವಿವರಣೆ ಇಲ್ಲಿ ಕಡಿಮೆ. ಆ ಪಟ್ಟುಗಳನ್ನು ಹೊರಬೇಕಾದ ಮೈಯನ್ನು ಹೇಗೆ ಸಿದ್ಧಪಡಿಸಬೇಕು ಎಂಬುದರ ಮೇಲೆಯೇ ಗಮನ.

## ಮೊದಲ ದಿನಗಳು

ಸೇರಿ ಎರಡು ತಿಂಗಳಾಯಿತು, ಇನ್ನೂ ಬರೀ ಕುದುರೆ ನಿಲುವಿನಲ್ಲೇ ನಿಲ್ಲಿಸುತ್ತಿದ್ದಾರೆ. ಗುದ್ದು, ಒದೆತ ಕಲಿಸುವುದು ಯಾವಾಗ?

ಗುದ್ದಿನ ಕಲಿಕೆ ಆಗಲೇ ಶುರುವಾಗಿದೆ. ಕಾಲು ನೆಲವನ್ನು ಸರಿಯಾಗಿ ಒತ್ತಲು ಬಾರದವನ ಗುದ್ದು ಬರೀ ತೋಳಿನ ಬೀಸು. ಉತ್ತರ ಚೀನಾದ ಶೈಲಿಗಳಲ್ಲಿ ಐದು ಮೂಲ ನಿಲುವುಗಳಿವೆ: ಮಾ ಬು ಎಂಬ ಕುದುರೆ ನಿಲುವು, ಗೊಂಗ್ ಬು ಎಂಬ ಬಿಲ್ಲು ನಿಲುವು, ಒಂದು ಕಾಲನ್ನು ಚಾಚಿ ನೆಲದತ್ತ ಇಳಿಯುವ ಪು ಬು, ಭಾರವನ್ನೆಲ್ಲ ಹಿಂದಿನ ಕಾಲಿಗೆ ಕೊಡುವ ಶ್ಯೂ ಬು, ಕಾಲು ಹೆಣೆದು ಕುಳಿತುಕೊಳ್ಳುವ ಶಿಯೆ ಬು. ಮುಂದೆ ಕಲಿಯುವ ಎಲ್ಲ ಚಲನೆಗಳೂ ಈ ಐದರ ನಡುವಿನ ಓಡಾಟವೇ. ಹೆನಾನ್ ಪ್ರಾಂತದ ಶಾವೊಲಿನ್ ಮಠದ ಸಾವಿರ ಬುದ್ಧರ ಮಂಟಪದಲ್ಲಿ ನೆಲದ ತುಂಬ ಸಾಲುಸಾಲು ಗುಳಿಗಳಿವೆ. ಸನ್ಯಾಸಿಗಳು ತಲೆಮಾರುಗಳ ಕಾಲ ಅದೇ ಜಾಗದಲ್ಲಿ ಕಾಲು ಅಪ್ಪಳಿಸಿ ಅಭ್ಯಾಸ ಮಾಡಿದ್ದರಿಂದ ಅವು ಆದವು ಎಂಬುದು ಮಠದ ಪರಂಪರೆಯ ಮಾತು.

ಆದರೆ ನಿಮ್ಮ ಅಸಹನೆಯಲ್ಲೂ ಸ್ವಲ್ಪ ನ್ಯಾಯವಿದೆ. ಎರಡು ತಿಂಗಳಾದರೂ ಒಂದೇ ನಿಲುವಿನಲ್ಲಿ ಕಂಬದಂತೆ ನಿಲ್ಲಿಸುತ್ತಿದ್ದರೆ, ಒಂದು ನಿಲುವಿನಿಂದ ಇನ್ನೊಂದಕ್ಕೆ ಸಾಗುವುದನ್ನು ಕಲಿಸಿ ಎಂದು ಗುರುಗಳನ್ನು ವಿನಯದಿಂದ ಕೇಳಿ. ಕಾಲಿನ ಬಲ ಕೆಲಸಕ್ಕೆ ಬರುವುದು ನಡೆಯಲ್ಲಿ.

ಕುದುರೆ ನಿಲುವಿನಲ್ಲಿ ಎಷ್ಟು ಹೊತ್ತು ನಿಲ್ಲಬೇಕು? ನನಗೆ ಮಂಡಿ ನೋವು ಬರುತ್ತಿದೆ.

ಮೊದಲು ನೋವು ಎಲ್ಲಿದೆ ಎಂದು ಗುರುತಿಸಿಕೊಳ್ಳಿ. ತೊಡೆ ಉರಿಯುವುದು, ನಡುಗುವುದು ಅಭ್ಯಾಸದ ಭಾಗ. ಮಂಡಿಚಿಪ್ಪಿನ ಕೆಳಗೆ ಅಥವಾ ಮಂಡಿಯ ಒಳಬದಿಯಲ್ಲಿ ಚುಚ್ಚುವಂತಹ ನೋವು ಬಂದರೆ ಅಲ್ಲಿಗೇ ನಿಲ್ಲಿಸಬೇಕು. ಹೆಚ್ಚಿನವರಲ್ಲಿ ಕಾರಣ ಒಂದೇ: ಮಂಡಿಗಳು ಒಳಕ್ಕೆ ಬೀಳುತ್ತವೆ, ಪಾದದ ಬೆರಳುಗಳು ಹೊರಕ್ಕೆ ತಿರುಗುತ್ತವೆ. ಮಂಡಿ ಯಾವತ್ತೂ ಪಾದದ ಬೆರಳುಗಳ ದಿಕ್ಕಿಗೇ ಬಾಗಬೇಕು. ಹಿಮ್ಮಡಿ ನೆಲ ಬಿಡಬಾರದು, ಸೊಂಟ ಹಿಂದಕ್ಕೆ ಚಾಚಿ ಬೆನ್ನು ಬಿಲ್ಲಾಗಬಾರದು.

ತೊಡೆ ನೆಲಕ್ಕೆ ಸಮಾನಾಂತರವಾಗಿರಬೇಕು ಎನ್ನುವುದು ಚಾಂಗ್ ಚುವಾನ್‌ನಂತಹ ಉತ್ತರದ ಶೈಲಿಗಳ ಕ್ರಮ. ಪಾದಗಳ ನಡುವಿನ ಅಂತರ ನಿಮ್ಮದೇ ಪಾದದ ಮೂರರಷ್ಟು. ಹೊಸಬರು ಅಷ್ಟು ತಗ್ಗಬೇಕಾಗಿಲ್ಲ. ಎತ್ತರದ ನಿಲುವಿನಲ್ಲಿ ಮೂವತ್ತು ಸೆಕೆಂಡು, ನಡುವೆ ಬಿಡುವು, ನಾಲ್ಕೈದು ಸರದಿ ಸಾಕು. ವಾರಗಳು ಕಳೆದಂತೆ ಹೊತ್ತು ಹೆಚ್ಚಿಸಿ, ಆಮೇಲೆ ಆಳ. ಎರಡನ್ನೂ ಒಂದೇ ವಾರದಲ್ಲಿ ಹೆಚ್ಚಿಸುವವರ ಮಂಡಿಗಳೇ ಬೇಗ ದೂರು ಹೇಳುವುದು.

ನಲವತ್ತು ದಾಟಿದೆ, ಬಗ್ಗಿದರೆ ಕೈ ನೆಲಕ್ಕೆ ಮುಟ್ಟುವುದಿಲ್ಲ. ಈಗ ಶುರು ಮಾಡಬಹುದೇ?

ಖಂಡಿತ. ಕಾಲನ್ನು ತಲೆಯೆತ್ತರಕ್ಕೆ ಒದೆಯುವುದು ಒಂದು ಕೌಶಲ ಮಾತ್ರ, ಅದೇ ಇಡೀ ಕಲೆಯಲ್ಲ. ದಕ್ಷಿಣ ಚೀನಾದ ಎಷ್ಟೋ ಶೈಲಿಗಳಲ್ಲಿ ಒದೆತ ಸೊಂಟದ ಮೇಲಕ್ಕೆ ಏರುವುದು ಅಪರೂಪ.

ಮೈ ಬಿಸಿಯಾಗುವ ಮೊದಲು ಕಾಲನ್ನು ಎಳೆದು ಹಿಡಿಯಬೇಡಿ. ಐದಾರು ನಿಮಿಷ ನಡೆದು, ಕೀಲುಗಳನ್ನು ತಿರುಗಿಸಿ, ನಂತರ ಕಾಲನ್ನು ನೇರವಾಗಿ ಮುಂದಕ್ಕೆ ಬೀಸುವ ಝೆಂಗ್ ತಿ ತುಯಿ ಮಾಡಿ. ಮೊದಲ ವಾರ ಸೊಂಟದ ಎತ್ತರ ಸಾಕು. ಬೀಸುವಾಗ ನಿಂತ ಕಾಲು ಬಗ್ಗದಿರಲಿ, ಬೆನ್ನು ಗೂನಾಗದಿರಲಿ. ದೀರ್ಘವಾಗಿ ಹಿಡಿಯುವ ಚಾಚುವಿಕೆಯನ್ನು ಅಭ್ಯಾಸ ಮುಗಿದ ಮೇಲೆ ಇಟ್ಟುಕೊಳ್ಳಿ. ಯಾರಾದರೂ ನಿಮ್ಮ ಭುಜ ಒತ್ತಿ ಕಾಲು ಸೀಳಿಸಲು ಬಂದರೆ ಬೇಡ ಎನ್ನಿ. ತೊಡೆಯ ಹಿಂಭಾಗದ ಸ್ನಾಯು ಹರಿದರೆ ಸರಿಹೋಗಲು ತಿಂಗಳುಗಳೇ ಬೇಕು, ವಯಸ್ಸಾದಂತೆ ಇನ್ನೂ ನಿಧಾನ.

ಬಾಡಿಗೆ ಮನೆ, ಜಾಗವೇ ಇಲ್ಲ. ಅಭ್ಯಾಸ ಹೇಗೆ?

ಹಸು ಮಲಗುವಷ್ಟು ಜಾಗವಿದ್ದರೆ ಸಾಕು ಎಂಬುದು ಶಾವೊಲಿನ್ ಪರಂಪರೆಯ ಹಳೆಯ ಮಾತು. ನಿಲುವು, ನಿಂತ ಧ್ಯಾನ, ಗುದ್ದು, ಸೊಂಟ ತಿರುಗಿಸುವ ಅಭ್ಯಾಸ ಎಲ್ಲವೂ ಮಂಚದ ಪಕ್ಕದ ಜಾಗದಲ್ಲಿ ಆಗುತ್ತವೆ. ಜಿಗಿತಕ್ಕೆ ಮಾತ್ರ ಮೈದಾನ ಬೇಕು. ಗ್ರಾನೈಟ್ ಅಥವಾ ಟೈಲ್ಸ್ ನೆಲದ ಮೇಲೆ ಜಿಗಿಯುವುದು ಬೇಡವೇ ಬೇಡ.

## ಬಲ ಮತ್ತು ಉಸಿರು

ಜಿಮ್‌ಗೆ ಹೋಗಿ ಭಾರ ಎತ್ತಿದರೆ ಮೈ ಬಿಗಿದು ಕುಂಗ್ ಫು ಹಾಳಾಗುತ್ತದೆ ಎನ್ನುತ್ತಾರೆ. ನಿಜವೇ?

ಈ ಮಾತನ್ನು ಕೇಳಿದಾಗಲೆಲ್ಲ ನನಗೆ ಬೇಸರವಾಗುತ್ತದೆ, ಏಕೆಂದರೆ ಚೀನಾದ ಚರಿತ್ರೆಯೇ ಇದನ್ನು ಒಪ್ಪುವುದಿಲ್ಲ. ಸಾಮ್ರಾಜ್ಞಿ ವೂ ಝೆತಿಯಾನ್ ಕಾಲದಲ್ಲಿ, 702ರಲ್ಲಿ, ಸೇನಾಧಿಕಾರಿಗಳ ಆಯ್ಕೆಗೆ ಪರೀಕ್ಷೆ ಶುರುವಾಯಿತು. ನಡುನಡುವೆ ನಿಂತು, ಮತ್ತೆ ಆರಂಭವಾಗಿ, 1901ರಲ್ಲಿ ಅದು ರದ್ದಾಯಿತು. ಚಿಂಗ್ ಅರಸರ ಕಾಲದಲ್ಲಿ ಆ ಪರೀಕ್ಷೆಗೆ ಕೂತವರು ಗಡುಸಾದ ಬಿಲ್ಲನ್ನು ಎಳೆಯಬೇಕಿತ್ತು, ಉದ್ದ ಹಿಡಿಯ ಭಾರಿ ಕತ್ತಿಯನ್ನು ತಿರುಗಿಸಬೇಕಿತ್ತು, ಕಲ್ಲು ಎತ್ತಬೇಕಿತ್ತು. ಅತಿ ಭಾರದ ಕತ್ತಿ 120 ಜಿನ್, ಅಂದರೆ ಸುಮಾರು 70 ಕೆ.ಜಿ. ಕಲ್ಲು 300 ಜಿನ್‌ವರೆಗೆ. ಯುದ್ಧದಲ್ಲಿ ಯಾರೂ ಅಂತಹ ಕತ್ತಿ ಹಿಡಿಯುತ್ತಿರಲಿಲ್ಲ. ಅದು ಬಲವನ್ನು ಅಳೆಯುವ ಸಾಧನ.

ಬೀಗದ ಆಕಾರದ, ಹಿಡಿಯುಳ್ಳ ಕಲ್ಲಿನ ತುಂಡು ಶಿ ಸುವೊ ಇಂದಿಗೂ ಚೀನಾದ ಕುಸ್ತಿಪಟುಗಳ ಅಂಗಳದಲ್ಲಿದೆ. ಅದನ್ನು ಬೀಸಿ, ಮೇಲಕ್ಕೆಸೆದು, ಗಾಳಿಯಲ್ಲೇ ಹಿಡಿಯುತ್ತಾರೆ. ಮುಂಗೈ, ಭುಜ, ಸೊಂಟ ಮೂರಕ್ಕೂ ಒಮ್ಮೆಗೇ ಕೆಲಸ. ದಕ್ಷಿಣದ ಹುಂಗ್ ಗಾರ್ ಶೈಲಿಯಲ್ಲಿ ಮುಂಗೈಗೆ ಕಬ್ಬಿಣದ ಬಳೆಗಳನ್ನು ತೊಟ್ಟು ಅಭ್ಯಾಸ ಮಾಡುತ್ತಾರೆ. "ಪಟ್ಟು ಕಲಿತು ಮೈ ಕಟ್ಟದಿದ್ದರೆ ಮುಪ್ಪಿನಲ್ಲಿ ಕೈ ಬರಿದು" ಎಂಬ ಅರ್ಥದ ಗಾದೆ ಚೀನಾದಲ್ಲಿ ಎಲ್ಲ ಶೈಲಿಯವರ ಬಾಯಲ್ಲೂ ಇದೆ.

ಮೈ ಬಿಗಿಯುವುದು ಭಾರದಿಂದಲ್ಲ. ಬರೀ ಭಾರ ಎತ್ತಿ ಚಲನೆಯ ಅಭ್ಯಾಸ ಬಿಟ್ಟಾಗ, ಅಥವಾ ಕೀಲನ್ನು ಪೂರ್ತಿ ಬಾಗಿಸದೆ ಅರ್ಧಕ್ಕೇ ಎತ್ತಿ ಇಳಿಸಿದಾಗ ಬಿಗಿಯುತ್ತದೆ. ವಾರಕ್ಕೆ ಎರಡು ದಿನ ಬಸ್ಕಿ, ನೆಲದಿಂದ ಭಾರ ಎತ್ತುವುದು, ತೋಳಿನಿಂದ ಎಳೆಯುವುದು, ಇವಿಷ್ಟನ್ನು ಪೂರ್ಣ ಚಲನೆಯಲ್ಲಿ ಮಾಡಿದರೆ ನಿಮ್ಮ ಕುಂಗ್ ಫು ಬೆಳೆಯುತ್ತದೆ.

ನಾನು ಗರಡಿಮನೆಯಲ್ಲಿ ಸಾಮು ಮಾಡಿದವನು. ಅದೆಲ್ಲ ಇಲ್ಲಿ ಉಪಯೋಗಕ್ಕೆ ಬರುತ್ತದೆಯೇ?

ಬಹಳ ಬರುತ್ತದೆ. ದಂಡ ಮತ್ತು ಬಸ್ಕಿ ಹೊಡೆದು ಪಳಗಿದ ಮೈಗೆ ಚೀನೀ ಕುಸ್ತಿಯಾದ ಶುವಾಯ್ ಜಿಯಾವೊ ಬೇಗ ಒಗ್ಗುತ್ತದೆ. ವ್ಯತ್ಯಾಸ ನಿಯಮಗಳಲ್ಲಿದೆ. ನಮ್ಮ ಮಟ್ಟಿಯ ಕುಸ್ತಿಯಲ್ಲಿ ಎದುರಾಳಿಯನ್ನು ಚಿತ್ ಮಾಡಬೇಕು, ನೆಲದ ಮೇಲೂ ಹೋರಾಟ ಮುಂದುವರಿಯುತ್ತದೆ. ಶುವಾಯ್ ಜಿಯಾವೊದಲ್ಲಿ ಗಟ್ಟಿ ಬಟ್ಟೆಯ ಅರ್ಧತೋಳಿನ ಅಂಗಿ ತೊಟ್ಟಿರುತ್ತಾರೆ. ಆ ಅಂಗಿಯನ್ನೇ ಹಿಡಿದು ಎಸೆಯುತ್ತಾರೆ. ಪಾದವಲ್ಲದೆ ಮೈಯ ಬೇರೆ ಭಾಗ ನೆಲ ಮುಟ್ಟಿದರೆ ಅಲ್ಲಿಗೆ ಸೋಲು. ಹಾಗಾಗಿ ಬೆರಳು ಮತ್ತು ಮಣಿಕಟ್ಟಿನ ಹಿಡಿತ, ಒಂಟಿ ಕಾಲಿನ ಸಮತೋಲ, ಇವೆರಡನ್ನು ನೀವು ಹೊಸದಾಗಿ ಬೆಳೆಸಿಕೊಳ್ಳಬೇಕು. ಬೀಜಿಂಗ್, ತಿಯಾನ್‌ಜಿನ್, ಬಾವೊಡಿಂಗ್ ಊರುಗಳು ಈ ಕುಸ್ತಿಗೆ ಹೆಸರಾದವು. ಬಾವೊಡಿಂಗ್‌ನವರ ವೇಗದ ಎಸೆತವೇ ಒಂದು ಪ್ರತ್ಯೇಕ ಪರಂಪರೆ.

ಕೈ ಮುಂದೆ ಚಾಚಿ ಮರ ತಬ್ಬಿದಂತೆ ಅರ್ಧ ಗಂಟೆ ನಿಲ್ಲುವುದರಿಂದ ಏನು ಸಿಗುತ್ತದೆ?

ಇದು ಝಾನ್ ಝುವಾಂಗ್. ಶಿಂಗ್ ಯಿ ಶೈಲಿಯ ಗುರು ಗುವೊ ಯುನ್‌ಶೆನ್ ಅವರ ಶಿಷ್ಯ ವಾಂಗ್ ಶಿಯಾಂಗ್‌ಝಾಯ್ (1885–1963) ಇದನ್ನೇ ತಮ್ಮ ಯಿ ಚುವಾನ್ ಪದ್ಧತಿಯ ಬುನಾದಿಯಾಗಿ ಮಾಡಿಕೊಂಡರು. ಮೊದಲೇ ಕ್ರಮ ಕಟ್ಟಿಟ್ಟ ಚಲನೆಗಳ ಸರಣಿಗಳನ್ನು ಕೈಬಿಟ್ಟು, ನಿಲ್ಲುವುದರಿಂದಲೇ ಶುರು ಮಾಡಿ ಎಂದರು.

ನಿಂತಾಗ ಆಗುವುದು ಇಷ್ಟು: ಮೊದಲ ನಿಮಿಷಗಳಲ್ಲಿ ದೊಡ್ಡ ಮಾಂಸಖಂಡಗಳು ಭಾರ ಹೊರುತ್ತವೆ, ಬೇಗ ದಣಿಯುತ್ತವೆ. ಭುಜ ಉರಿಯುತ್ತದೆ. ಆಗ ಅನಗತ್ಯವಾಗಿ ಬಿಗಿದಿದ್ದ ಭಾಗವನ್ನು ಬಿಟ್ಟುಕೊಡದೆ ನಿಲ್ಲಲು ಆಗುವುದಿಲ್ಲ. ಹೀಗೆ ಒಂದೊಂದೇ ಬಿಗಿತ ಸಡಿಲಿ, ಮೂಳೆಗಳು ಒಂದರ ಮೇಲೊಂದು ಸರಿಯಾಗಿ ಕುಳಿತುಕೊಳ್ಳುತ್ತವೆ, ಬೆನ್ನಿನ ಆಳದ ಸ್ನಾಯುಗಳು ಕೆಲಸ ಕಲಿಯುತ್ತವೆ. ತನ್ನ ಮೈ ಎಲ್ಲಿ ವಾಲಿದೆ ಎಂಬ ಅರಿವು ಬರುತ್ತದೆ. ಎದುರಾಳಿ ತಳ್ಳಿದಾಗ ಉಪಯೋಗಕ್ಕೆ ಬರುವುದು ಈ ಅರಿವು.

ಮಂಡಿ ಸ್ವಲ್ಪ ಸಡಿಲ, ಗದ್ದ ತುಸು ಒಳಗೆ, ಮೊಣಕೈ ಭುಜಕ್ಕಿಂತ ಕೆಳಗೆ, ಉಸಿರು ಮೂಗಿನಲ್ಲಿ ಸಹಜವಾಗಿ. ಐದು ನಿಮಿಷದಿಂದ ಶುರು ಮಾಡಿ ಇಪ್ಪತ್ತಕ್ಕೆ ಬರಲು ಕೆಲವು ತಿಂಗಳು ಬಿಟ್ಟುಕೊಡಿ. ತಲೆ ಸುತ್ತಿದರೆ ಮಂಡಿಯನ್ನು ಗಟ್ಟಿಯಾಗಿ ಬಿಗಿದು ನಿಂತಿದ್ದೀರಿ ಎಂದೇ ಬಹುಪಾಲು ಅರ್ಥ, ಕೂಡಲೇ ನಡೆದಾಡಿ.

ನಿಂತರೆ ಸಾಕು, ಕಾದಾಡಲು ಬಂದುಬಿಡುತ್ತದೆ ಎನ್ನುವವರನ್ನು ನಂಬಬೇಡಿ. ವಾಂಗ್ ಅವರ ಪದ್ಧತಿಯಲ್ಲೇ ನಿಂತ ಬಳಿಕ ನಿಧಾನ ಚಲನೆ, ನಡಿಗೆ, ಜೊತೆಗಾರನೊಂದಿಗೆ ಕೈ ತಳ್ಳಾಟ, ಕೊನೆಗೆ ಮುಕ್ತ ಹೋರಾಟ ಇವೆ.

ತೈ ಚಿ ಎಂದರೆ ಪಾರ್ಕಿನಲ್ಲಿ ಹಿರಿಯರು ಮಾಡುವ ವ್ಯಾಯಾಮ ತಾನೇ? ಅದರಲ್ಲಿ ಬಲದ ಸಾಧನೆ ಎಲ್ಲಿದೆ?

ಪಾರ್ಕಿನಲ್ಲಿ ಕಾಣುವುದು ಹೆಚ್ಚಾಗಿ 1956ರಲ್ಲಿ ಚೀನಾದ ಕ್ರೀಡಾ ಆಡಳಿತ ಎಲ್ಲರಿಗೂ ಸುಲಭವಾಗಲೆಂದು ರೂಪಿಸಿದ 24 ಚಲನೆಗಳ ಸರಣಿ. ಮೂಲ ಬೇರೆಯೇ. ಹೆನಾನ್ ಪ್ರಾಂತದ ಚೆನ್‌ಜಿಯಾಗೊವು ಹಳ್ಳಿಯ ಚೆನ್ ಶೈಲಿಯಲ್ಲಿ ತಗ್ಗು ನಿಲುವು, ಕಾಲು ಅಪ್ಪಳಿಸುವಿಕೆ, ಸಿಡಿಯುವ ಹೊಡೆತ ಎಲ್ಲವೂ ಇವೆ. ಆಳೆತ್ತರವನ್ನು ಮೀರಿದ, ಮೇಣದ ಮರ ಎಂಬ ಹೆಸರಿನ ಬಳುಕುವ ಮರದ ಉದ್ದ ಕೋಲನ್ನು ಹಿಡಿದು ಸೊಂಟದ ಒಂದೇ ತಿರುವಿನಿಂದ ಅದರ ತುದಿ ಕಂಪಿಸುವಂತೆ ಮಾಡುವುದು ಅಲ್ಲಿನ ಬಲಸಾಧನೆ. ಒಮ್ಮೆ ಮಾಡಿ ನೋಡಿದವರು ತೈ ಚಿಯನ್ನು ಮತ್ತೆ ಹಗುರವಾಗಿ ಮಾತನಾಡುವುದಿಲ್ಲ.

ಹಿರಿಯರ ವಿಷಯವೂ ಸಣ್ಣದಲ್ಲ. ಪಾರ್ಕಿನ್ಸನ್ ಕಾಯಿಲೆಯ 195 ರೋಗಿಗಳ ಮೇಲೆ ಅಮೆರಿಕದಲ್ಲಿ ನಡೆದು 2012ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, 24 ವಾರ, ವಾರಕ್ಕೆ ಎರಡು ಬಾರಿ ತೈ ಚಿ ಮಾಡಿದವರ ಸಮತೋಲ ಸುಧಾರಿಸಿತು. ಬರೀ ಮೈ ಚಾಚುವ ವ್ಯಾಯಾಮ ಮಾಡಿದವರಿಗಿಂತ ಅವರು ಬೀಳುವುದೂ ಕಡಿಮೆಯಾಯಿತು. ಅಪ್ಪ, ಅಮ್ಮ ಬಚ್ಚಲಿನಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡ ಮನೆಯವರಿಗೆ ಇದರ ಬೆಲೆ ಗೊತ್ತು.

ಶಾವೊಲಿನ್ ವ್ಯಾಯಾಮಗಳನ್ನು ನಮ್ಮ ದಕ್ಷಿಣ ಭಾರತದ ಬೋಧಿಧರ್ಮನೇ ಕಲಿಸಿದ್ದಂತೆ, ಹೌದೇ?

ಬೋಧಿಧರ್ಮ ದಕ್ಷಿಣ ಭಾರತದಿಂದ ಹೋದವನು ಎಂಬುದು ಬೌದ್ಧ ಪರಂಪರೆಯಲ್ಲಿ ಬಲವಾಗಿ ಬೇರೂರಿದ ಕಥನ, ಝೆನ್ ಪಂಥ ಅವನನ್ನು ಮೂಲಪುರುಷನೆಂದು ಗೌರವಿಸುತ್ತದೆ. ಆದರೆ ವ್ಯಾಯಾಮದ ಕಥೆ ಬಹಳ ತಡವಾಗಿ ಸೇರಿಕೊಂಡದ್ದು. ಮಠ ಸ್ಥಾಪನೆಯಾದದ್ದು 495ರಲ್ಲಿ. ಬೋಧಿಧರ್ಮನ ಹೆಸರಿನಲ್ಲಿರುವ ಸ್ನಾಯು ಪರಿವರ್ತನೆಯ ಗ್ರಂಥ ಯಿ ಜಿನ್ ಜಿಂಗ್ ರಚನೆಯಾದದ್ದು 1624ರ ಸುಮಾರಿಗೆ ಎಂದು ವಿದ್ವಾಂಸರು ತೋರಿಸಿದ್ದಾರೆ. ಅದರ ಮುನ್ನುಡಿಗಳಲ್ಲಿ ಕಾಲದ ತಪ್ಪುಗಳಿವೆ. 1930ರ ದಶಕದಲ್ಲೇ ಚೀನಾದ ಸಂಶೋಧಕ ತಾಂಗ್ ಹಾವೊ ಈ ಕಥೆಯನ್ನು ಪ್ರಶ್ನಿಸಿದ್ದರು. ಆ ಹೆಸರಿನಲ್ಲಿ ಬಂದಿರುವ ಹನ್ನೆರಡು ಭಂಗಿಗಳ ವ್ಯಾಯಾಮ ಮಾತ್ರ ಭುಜ, ಬೆನ್ನಿಗೆ ಒಳ್ಳೆಯದು. ಯಾರು ಬರೆದರೂ ಮಾಡಬಹುದಾದದ್ದು.

## ಮೈ ಗಟ್ಟಿಗೊಳಿಸುವುದು

ಕಬ್ಬಿಣದ ಅಂಗೈ ಸಾಧನೆಯನ್ನು ಮನೆಯಲ್ಲೇ, ವೀಡಿಯೊ ನೋಡಿ ಮಾಡಬಹುದೇ?

ಈ ಪ್ರಶ್ನೆ ಕೇಳುವವರಲ್ಲಿ ಹೆಚ್ಚಿನವರು ಹದಿನೈದು, ಹದಿನಾರರ ಹುಡುಗರು. ಅವರಿಗೆ ನನ್ನ ಉತ್ತರ ಸ್ಪಷ್ಟ: ಈಗ ಬೇಡ. ಆ ವಯಸ್ಸಿನಲ್ಲಿ ಬೆರಳಿನ ಮೂಳೆಗಳ ಬೆಳೆಯುವ ತುದಿಗಳು ಇನ್ನೂ ಗಟ್ಟಿಯಾಗಿರುವುದಿಲ್ಲ. ಅಲ್ಲಿ ಏಟು ಬಿದ್ದರೆ ಬೆರಳು ಸೊಟ್ಟಗಾಗಬಹುದು, ಕೈ ಜೀವನವಿಡೀ ನೋಯಬಹುದು. ಬರೆಯುವ ಕೈ, ದುಡಿಯುವ ಕೈ ಅದು.

ವಯಸ್ಕರಿಗೆ ಕ್ರಮ ಹೀಗಿದೆ. ದಪ್ಪ ಬಟ್ಟೆಯ ಚೀಲದಲ್ಲಿ ಹೆಸರುಕಾಳು ತುಂಬಿ, ಸೊಂಟದೆತ್ತರದ ಗಟ್ಟಿ ಮೇಜಿನ ಮೇಲಿಡುತ್ತಾರೆ. ಅಂಗೈ, ಹಿಂಗೈ, ಕೈಯ ಅಂಚುಗಳನ್ನು ಸರದಿಯಂತೆ ಅದರ ಮೇಲೆ ಬೀಳಬಿಡುತ್ತಾರೆ. ಹೊಡೆಯುವುದಿಲ್ಲ, ಕೈ ತನ್ನ ಭಾರದಿಂದ ತಾನೇ ಬೀಳಬೇಕು, ಭುಜ ಸಡಿಲವಾಗಿರಬೇಕು. ಅನೇಕ ತಿಂಗಳ ನಂತರ ಕಾಳಿನ ಬದಲು ಸಣ್ಣ ಜಲ್ಲಿ, ಅದಾದ ಮೇಲೆ ಕಬ್ಬಿಣದ ಗುಂಡುಗಳು. ಅವಸರ ಏಕೆ ಕೂಡದೆಂದರೆ, ಮಿತವಾದ ಒತ್ತಡ ಪದೇ ಪದೇ ಬಿದ್ದಾಗ ಮೂಳೆ ತನ್ನನ್ನು ತಾನು ಕಟ್ಟಿಕೊಳ್ಳುತ್ತದೆ, ಆದರೆ ಆ ಕಟ್ಟುವಿಕೆಗೆ ತಿಂಗಳುಗಳು ಬೇಕು. ಕಟ್ಟಿಕೊಳ್ಳುವುದಕ್ಕಿಂತ ವೇಗವಾಗಿ ಏಟು ಬಿದ್ದರೆ ಸಣ್ಣ ಬಿರುಕುಗಳು ಸೇರುತ್ತಾ ಹೋಗುತ್ತವೆ. ಬೆರಳ ತುದಿಯ ಸ್ಪರ್ಶ ಮಂಕಾದರೆ, ಬೆಳಿಗ್ಗೆ ಎದ್ದಾಗ ಗೆಣ್ಣುಗಳು ಬಿಗಿದಿದ್ದರೆ, ಸಾಧನೆ ನಿಲ್ಲಿಸಿ ವೈದ್ಯರನ್ನು ಕಾಣಿ.

ಸಾಧನೆಯ ಮೊದಲು, ನಂತರ ಹಚ್ಚುವ ಗಿಡಮೂಲಿಕೆಯ ದ್ರಾವಣ ದಿತ್ ದಾ ಜೌ ಕೂಡ ಎಚ್ಚರದ ವಸ್ತು. ಕೆಲವು ಪಾಕಗಳಲ್ಲಿ ವತ್ಸನಾಭಿಯ ಜಾತಿಯ ಗಡ್ಡೆ ಇರುತ್ತದೆ. ಗಾಯದ ಮೇಲೆ ಹಚ್ಚಬಾರದು, ಬಾಯಿಗೆ ಹೋಗಬಾರದು, ಮಕ್ಕಳ ಕೈಗೆ ಸಿಗಬಾರದು.

ಉತ್ತರ ಶಾವೊಲಿನ್ ಶೈಲಿಯ ಗು ರುಝಾಂಗ್ (1894–1952) ಇಟ್ಟಿಗೆಗಳ ರಾಶಿಯನ್ನು ಅಂಗೈಯಿಂದ ಒಡೆಯುತ್ತಿರುವ ಹಳೆಯ ಛಾಯಾಚಿತ್ರ ನೋಡಿ ಎಷ್ಟೋ ಜನ ಈ ದಾರಿಗೆ ಬಂದಿದ್ದಾರೆ. ಆ ಕೈಯ ಹಿಂದೆ ಇಡೀ ಬದುಕಿನ ಸಾಧನೆಯಿತ್ತು.

ಮುಂಗೈಗೆ ಮುಂಗೈ ಬಡಿಯುವ ಅಭ್ಯಾಸದಲ್ಲಿ ನೀಲಿಗಟ್ಟುತ್ತದೆ. ಸಹಜವೇ?

ಶುರುವಿನಲ್ಲಿ ಸ್ವಲ್ಪ ಸಹಜ. ನೀಲಿ ಇಳಿಯುವ ಮೊದಲೇ ಮತ್ತೆ ಬಡಿಯಬೇಡಿ. ಮಾಂಸವಿರುವ ಜಾಗಕ್ಕೆ ಬಡಿತ ಬೀಳಲಿ, ಮಣಿಕಟ್ಟಿನ ಗೆಣ್ಣಿಗೆ ಬೇಡ. ಜೊತೆಗಾರ ಪೈಪೋಟಿಗೆ ಬಿದ್ದರೆ ಆ ದಿನದ ಅಭ್ಯಾಸ ಅಲ್ಲಿಗೇ ಮುಗಿಸಿ.

ಗಂಟಲಿನಿಂದ ಈಟಿ ಬಗ್ಗಿಸುತ್ತಾರೆ, ಎದೆಯ ಮೇಲೆ ಕಲ್ಲು ಒಡೆಸಿಕೊಳ್ಳುತ್ತಾರೆ. ಅದು ಚೀ ಎಂಬ ಪ್ರಾಣಶಕ್ತಿಯಲ್ಲವೇ?

ಈಟಿಯ ಕೋಲು ಬಳುಕುವ ಮರದ್ದು. ತುದಿಯನ್ನು ಕತ್ತಿನ ಬುಡದ ಮೂಳೆಗಳ ನಡುವಿನ ತಗ್ಗಿನಲ್ಲಿ ಕೂರಿಸಿ, ಕೋಲು ಮೊದಲೇ ಒಂದು ಬದಿಗೆ ಬಾಗುವಂತೆ ಒತ್ತುತ್ತಾರೆ. ಒಮ್ಮೆ ಬಾಗಿದ ಕೋಲು ಮುಂದೆ ಸುಲಭವಾಗಿ ಬಾಗುತ್ತದೆ. ಎದೆಯ ಮೇಲಿನ ಚಪ್ಪಡಿ ಭಾರವಾದಷ್ಟೂ ಸುತ್ತಿಗೆಯ ಏಟು ಮೈಗೆ ತಲುಪುವುದು ಕಡಿಮೆ, ಏಕೆಂದರೆ ಭಾರಿ ಕಲ್ಲು ಏಟಿಗೆ ಅಷ್ಟಾಗಿ ಕದಲುವುದಿಲ್ಲ, ಏಟಿನ ಶಕ್ತಿಯ ಒಂದು ಪಾಲು ಕಲ್ಲನ್ನು ಒಡೆಯುವುದರಲ್ಲೂ ಕಳೆದುಹೋಗುತ್ತದೆ. ಧೈರ್ಯ, ಹೊಟ್ಟೆಯ ಬಿಗಿತ, ಉಸಿರಿನ ಹದ ಬೇಕೇ ಬೇಕು. ಅವು ನಿಜವಾದ ಸಾಧನೆ. ಅತೀಂದ್ರಿಯ ಶಕ್ತಿ ಬೇಕಾಗಿಲ್ಲ.

ಉಸಿರಿನ ಪಾಠವನ್ನು ಮಾತ್ರ ಇಲ್ಲಿಂದ ತೆಗೆದುಕೊಳ್ಳಿ: ಏಟು ತಾಗುವ ಕ್ಷಣ ಸಣ್ಣದಾಗಿ ಉಸಿರು ಬಿಟ್ಟು ಹೊಟ್ಟೆಯ ಸುತ್ತಲಿನ ಸ್ನಾಯುಗಳನ್ನು ಬಿಗಿಯುವುದು ಪ್ರತಿ ಹೋರಾಟಗಾರನಿಗೂ ಬೇಕು. ರಕ್ತದ ಒತ್ತಡ ಇರುವವರು ಉಸಿರು ಕಟ್ಟಿ ಮಾಡುವ ಯಾವ ಅಭ್ಯಾಸಕ್ಕೂ ಹೋಗಬಾರದು.

ದಕ್ಷಿಣ ಚೀನಾದ ವಿಂಗ್ ಚುನ್ ಶೈಲಿಯ ಮರದ ಬೊಂಬೆಯನ್ನು ಬಡಗಿಯಿಂದ ಮಾಡಿಸಿದ್ದೇನೆ. ಎಷ್ಟು ಜೋರಾಗಿ ಹೊಡೆಯಬೇಕು?

ಜೋರು ಮುಖ್ಯವಲ್ಲ. ಮೂರು ಕೈ, ಒಂದು ಕಾಲಿನ ಆ ಬೊಂಬೆ ಇರುವುದು ಕೋನ, ಅಂತರ, ಹೆಜ್ಜೆ ತಿದ್ದಲು. ವಿಂಗ್ ಚುನ್ ಗುರು ಇಪ್ ಮ್ಯಾನ್ ಅವರ ಪರಂಪರೆಯ 116 ಚಲನೆಗಳ ಸರಣಿಯಲ್ಲಿ ನೀವು ತಪ್ಪು ಜಾಗದಲ್ಲಿ ನಿಂತರೆ ಮರದ ಕೈ ನಿಮ್ಮನ್ನು ತಡೆಯುತ್ತದೆ. ನಿಮ್ಮ ಬಡಗಿ ಅದನ್ನು ನೆಲಕ್ಕೆ ಗಟ್ಟಿಯಾಗಿ ಹೂತಿದ್ದರೆ, ಬಳುಕುವ ಅಡ್ಡಪಟ್ಟಿಗಳ ಮೇಲೆ ತೂಗುಹಾಕುವಂತೆ ಬದಲಿಸಿ. ಮೊಣಕೈಗೆ ಅದು ಒಳ್ಳೆಯದು.

## ಮುಂದುವರಿದವರಿಗೆ

ತಾವೊಲು ಎಂಬ ಕ್ರಮ ಕಟ್ಟಿದ ಚಲನೆಗಳ ಸರಣಿಗಳೆಲ್ಲ ಚೆನ್ನಾಗಿ ಬರುತ್ತವೆ, ಆದರೆ ಸ್ಪಾರಿಂಗ್‌ನಲ್ಲಿ ಏಟು ತಿನ್ನುತ್ತೇನೆ. ಏನು ಕೊರತೆ?

ಎದುರಾಳಿಯ ಕೊರತೆ. ಒಬ್ಬರೇ ಮಾಡುವ ಸರಣಿ ಮೈಗೆ ಆಕಾರ ಕೊಡುತ್ತದೆ, ಸಮಯಪ್ರಜ್ಞೆ ಕೊಡುವುದಿಲ್ಲ. ಸರಣಿಯ ಒಂದೇ ಚಲನೆಯನ್ನು ಹೊರತೆಗೆದು, ಜೊತೆಗಾರ ನಿಧಾನವಾಗಿ ದಾಳಿ ಮಾಡುವಾಗ ಬಳಸಿ. ನಂತರ ವೇಗ ಹೆಚ್ಚಿಸಿ, ನಂತರ ಅವನು ಎಡಬಲ ಹೇಳದೆ ಬರಲಿ. ತೈ ಚಿಯ ಕೈ ತಳ್ಳಾಟ, ವಿಂಗ್ ಚುನ್‌ನ ಚಿ ಸಾವ್ ಎಂಬ ಕೈಗೆ ಕೈ ತಾಗಿಸಿ ಮಾಡುವ ಅಭ್ಯಾಸ ಇದರ ನಡುವಿನ ಮೆಟ್ಟಿಲುಗಳು. ಅವುಗಳಲ್ಲೇ ನಿಂತುಬಿಡಬೇಡಿ.

ಇದರ ಜೊತೆಗೆ ದಮ್ಮು ಬೇಕು. ಚೀನಾದಲ್ಲಿ 1979ರಿಂದ ಪ್ರಾಯೋಗಿಕವಾಗಿ ಬೆಳೆಸಿದ ಸಾಂಡಾ ಸ್ಪರ್ಧೆಯಲ್ಲಿ ಎರಡು ನಿಮಿಷದ ಸುತ್ತುಗಳು, ನಡುವೆ ಒಂದು ನಿಮಿಷ ಬಿಡುವು, ಮೂರರಲ್ಲಿ ಎರಡು ಗೆದ್ದವರು ಜಯಶಾಲಿ. ಗುದ್ದು, ಒದೆತ, ಎಸೆತ ಮೂರೂ ಇವೆ. ಅಭ್ಯಾಸವನ್ನೂ ಅದೇ ಅಳತೆಗೆ ಹೊಂದಿಸಿ: ಎರಡು ನಿಮಿಷ ಚೀಲಕ್ಕೆ ಪೂರ್ಣ ವೇಗದ ಹೊಡೆತ ಮತ್ತು ಎಸೆತದ ಪ್ರವೇಶ, ಒಂದು ನಿಮಿಷ ನಡಿಗೆ. ನಮ್ಮ ದೇಶದ ಹುಡುಗಿಯರು ಈ ಕ್ರೀಡೆಯಲ್ಲಿ ಮಾಡಿರುವುದು ಹೆಮ್ಮೆಯ ಸಂಗತಿ. ಪೂಜಾ ಕಾದಿಯಾನ್ 2017ರಲ್ಲಿ ಕಜಾನ್‌ನ ವಿಶ್ವ ವುಶು (ಚೀನೀ ಸಮರಕಲೆಗಳ ಕ್ರೀಡಾರೂಪ) ಚಾಂಪಿಯನ್‌ಷಿಪ್‌ನಲ್ಲಿ ಚಿನ್ನ ಗೆದ್ದರು. ಮಣಿಪುರದ ರೋಶಿಬಿನಾ ದೇವಿ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದ 60 ಕೆ.ಜಿ. ವಿಭಾಗದಲ್ಲಿ ಬೆಳ್ಳಿ ತಂದರು.

ಫಾ ಜಿನ್, ಅಂದರೆ ಆ ಸಿಡಿಯುವ ಬಲ, ನನಗೆ ಬರುತ್ತಲೇ ಇಲ್ಲ. ಹೇಗೆ ಸಾಧಿಸಬೇಕು?

ಬಹುತೇಕರು ಬಲ ಹಾಕುವುದರಲ್ಲಿ ಸೋಲುವುದಿಲ್ಲ, ಬಲ ಬಿಡುವುದರಲ್ಲಿ ಸೋಲುತ್ತಾರೆ. ಹೊಡೆತಕ್ಕೆ ಮೊದಲೇ ಭುಜ ಬಿಗಿದಿದ್ದರೆ ಸೊಂಟದ ತಿರುವು ಕೈಗೆ ತಲುಪುವುದೇ ಇಲ್ಲ. ಕೈ ಪಾದದೊಡನೆ, ಮೊಣಕೈ ಮಂಡಿಯೊಡನೆ, ಭುಜ ಸೊಂಟದೊಡನೆ ಹೊಂದಿ ಸಾಗಬೇಕು ಎಂಬ ಹೊರಗಿನ ಮೂರು ಹೊಂದಾಣಿಕೆಗಳನ್ನು ಕನ್ನಡಿಯ ಮುಂದೆ ನಿಧಾನವಾಗಿ ಪರೀಕ್ಷಿಸಿಕೊಳ್ಳಿ. ಒಂದೇ ಹೊಡೆತವನ್ನು ಆರಿಸಿ. ಹತ್ತು ಬಾರಿ ನಿಧಾನ, ಒಂದು ಬಾರಿ ಸಿಡಿತ, ಮತ್ತೆ ಪೂರ್ತಿ ಸಡಿಲ. ಉದ್ದ ಕೋಲಿನ ಕಂಪನ ಇದಕ್ಕೆ ಅತ್ಯುತ್ತಮ ಅಳತೆಗೋಲು: ಬಲ ಸೊಂಟದಿಂದ ಬಂದರೆ ತುದಿ ನಡುಗುತ್ತದೆ, ತೋಳಿನಿಂದ ಬಂದರೆ ಕೋಲು ಬರೀ ಅಲುಗಾಡುತ್ತದೆ. ಗಾಳಿಗೆ ಪೂರ್ಣ ಬಲದಿಂದ ನೂರಾರು ಬಾರಿ ಸಿಡಿಸಿದರೆ ಮೊಣಕೈ ನೋಯುತ್ತದೆ. ಚೀಲ ಅಥವಾ ಪ್ಯಾಡ್ ಬಳಸಿ.

ಮಗಳು ಸ್ಪರ್ಧಾ ವುಶು ಮಾಡುತ್ತಾಳೆ. 540 ಡಿಗ್ರಿ ಜಿಗಿತ (ಗಾಳಿಯಲ್ಲಿ ಒಂದೂವರೆ ಸುತ್ತು ತಿರುಗುವುದು) ಕಲಿಯುವಾಗ ಮಂಡಿಗೆ ಪೆಟ್ಟಾಗದಂತೆ ಏನು ಮಾಡಬೇಕು?

ಜಿಗಿತಕ್ಕಿಂತ ಮೊದಲು ಇಳಿಯುವುದನ್ನು ಕಲಿಸಿ. ಸಣ್ಣ ಎತ್ತರದಿಂದ ಇಳಿದು, ಮಂಡಿ ಒಳಕ್ಕೆ ಬೀಳದಂತೆ ಸದ್ದಿಲ್ಲದೆ ನಿಲ್ಲುವುದು ವಾರಗಟ್ಟಲೆ ನಡೆಯಲಿ. ಗಾಳಿಯಲ್ಲಿ ತಿರುವು ಮುಗಿಯದೆ ನೆಲ ಮುಟ್ಟಿದಾಗ ಪಾದ ನಿಂತು ಮೈ ತಿರುಗುತ್ತದೆ. ಮಂಡಿಯ ಒಳಗಿನ ಅಸ್ಥಿರಜ್ಜು ಹರಿಯುವುದು ಆಗಲೇ. 360 ಸಲೀಸಾಗುವವರೆಗೆ 540 ಬೇಡ. ಹುಡುಗಿಯರಿಗೆ ತೊಡೆಯ ಹಿಂಭಾಗ ಮತ್ತು ಪೃಷ್ಠದ ಬಲ ವಿಶೇಷವಾಗಿ ಬೆಳೆಯಬೇಕು. ದಣಿದ ಹೊತ್ತಿನಲ್ಲಿ, ತರಗತಿಯ ಕೊನೆಯಲ್ಲಿ ಜಿಗಿತ ಮಾಡಿಸುವ ತರಬೇತುದಾರರಿಗೆ ತಾಯಿಯಾಗಿ, ತಂದೆಯಾಗಿ ನೇರವಾಗಿ ಹೇಳಿ.

ಚಳಿಯ ಅತಿ ಕಠಿಣ ದಿನಗಳಲ್ಲೂ ಬೇಸಿಗೆಯ ಅತಿ ಬಿಸಿ ದಿನಗಳಲ್ಲೂ ಸಾಧನೆ ಬಿಡಬಾರದು ಎನ್ನುತ್ತಾರೆ. ದಿನವೂ ಮಾಡಲೇಬೇಕೇ?

ಆ ಮಾತು ಉತ್ತರ ಚೀನಾದ ಹವೆಗೆ ಸೇರಿದ್ದು, ಮನಸ್ಸಿನ ಛಲಕ್ಕಾಗಿ ಹೇಳಿದ್ದು. ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿ, ರಾಯಚೂರಿನ ಮಧ್ಯಾಹ್ನದ ಬಿಸಿಲಿನಲ್ಲಿ ಅದನ್ನು ಪಾಲಿಸಲು ಹೋದರೆ ಬಿಸಿಲಾಘಾತ ಖಚಿತ. ಬೆಳಿಗ್ಗೆ ಆರಕ್ಕೆ ಮುಗಿಸಿ, ಉಪ್ಪು ಹಾಕಿದ ಮಜ್ಜಿಗೆ ಕುಡಿಯಿರಿ.

ನಿಲುವು, ನಡಿಗೆ, ನಿಧಾನ ಸರಣಿ ದಿನವೂ ಆಗಬಹುದು. ಭಾರ, ಜಿಗಿತ, ಹೋರಾಟ, ಮೈ ಬಡಿತ ಇವುಗಳ ನಡುವೆ ಕನಿಷ್ಠ ಒಂದು ದಿನ ಬಿಡುವು ಇರಲಿ. ಮಾಂಸಖಂಡಕ್ಕಿಂತ ಸ್ನಾಯುರಜ್ಜು ನಿಧಾನವಾಗಿ ಬಲಗೊಳ್ಳುತ್ತದೆ. ಹಾಗಾಗಿ ಮೈಯಲ್ಲಿ ಕಸುವಿದೆ ಎನಿಸಿದಾಗಲೇ ಹಿಮ್ಮಡಿ, ಮೊಣಕೈ ಪೆಟ್ಟು ತಿನ್ನುವುದು.

ಇಪ್ಪತ್ತು ವರ್ಷ ಅಭ್ಯಾಸ ಮಾಡಿದ್ದೇನೆ, ಈಗ ಐವತ್ತೈದು. ಯಾವುದನ್ನು ಉಳಿಸಿಕೊಳ್ಳಲಿ, ಯಾವುದನ್ನು ಬಿಡಲಿ?

ಜಿಗಿತ, ತಲೆಗೆ ಏಟು ಬೀಳುವ ಸ್ಪಾರಿಂಗ್, ಗಟ್ಟಿ ವಸ್ತು ಒಡೆಯುವುದು, ಇವು ಮೂರನ್ನು ಬಿಡಿ. ಬಲಸಾಧನೆಯನ್ನು ಬಿಡಬೇಡಿ, ಈ ವಯಸ್ಸಿನಲ್ಲಿ ಮಾಂಸಖಂಡ ಕರಗುವುದನ್ನು ತಡೆಯಲು ಮುಖ್ಯವಾಗಿ ಬೇಕಾದದ್ದು ಅದೇ, ಕಡಿಮೆ ಭಾರದಲ್ಲಾದರೂ ಮುಂದುವರಿಸಿ. ಕೋಲಿನ ಅಭ್ಯಾಸ, ಕೈ ತಳ್ಳಾಟ, ಝಾನ್ ಝುವಾಂಗ್ ಇರಲಿ. ಬಾಗುವಾ ಶೈಲಿಯ ವೃತ್ತ ನಡಿಗೆಯನ್ನು ಈಗ ಕಲಿಯಲು ಒಳ್ಳೆಯ ಕಾಲ. ಹತ್ತೊಂಬತ್ತನೆಯ ಶತಮಾನದ ಬೀಜಿಂಗ್‌ನಲ್ಲಿ ಡಾಂಗ್ ಹಾಯ್‌ಚುವಾನ್ ಕಲಿಸಿದ ಈ ನಡಿಗೆಯಲ್ಲಿ ಮಂಡಿ ಸ್ವಲ್ಪ ಬಾಗಿ, ಪಾದ ನೆಲಕ್ಕೆ ಹತ್ತಿರವಾಗಿ ಜಾರುತ್ತದೆ, ಸೊಂಟ ವೃತ್ತದ ಒಳಕ್ಕೆ ತಿರುಗಿರುತ್ತದೆ. ಎಂಟು ಹೆಜ್ಜೆಗೆ ಒಂದು ಸುತ್ತು ಬರುವಷ್ಟು ವೃತ್ತ ಸಾಕು. ಬಲಕ್ಕೆ ಎಷ್ಟು ಸುತ್ತು ನಡೆದಿರೋ ಎಡಕ್ಕೂ ಅಷ್ಟೇ ನಡೆಯಿರಿ. ಶುರುವಿನಲ್ಲಿ ಎತ್ತರದ ನಿಲುವಿನಲ್ಲಿ ಹತ್ತು ನಿಮಿಷ.